ತೊಟ್ಟಿಲಿಗೆ ಬಣ್ಣ ಹೊಡೆಯುವ ಮುನ್ನ

ಮಗಳು ಹೆರಿಗೆಗೆಂದು ಬಂದಿದ್ದಾಳೆ. ಅವಳು ಬಂದ ಮಾರನೆಯ ದಿನವೇ ನಮ್ಮ ಅತ್ತೆಯವರು ಅಟ್ಟದಿಂದ ತೊಟ್ಟಿಲನ್ನು ಇಳಿಸಿಸಿದರು. ಹಲಸಿನ ಮರದ್ದು. ನಮ್ಮ ಯಜಮಾನರು, ಅವರ ತಂಗಿಯರು, ಆಮೇಲೆ ನನ್ನ ಇಬ್ಬರು ಮಕ್ಕಳು, ಎಲ್ಲರೂ ಅದರಲ್ಲಿ ಮಲಗಿದವರೇ. ಮೇಲಿನ ಹಳದಿ ಬಣ್ಣ ಹಕ್ಕಳೆ ಎದ್ದಿತ್ತು. ಅದರಡಿ ಹಸಿರು, ಹಸಿರಿನಡಿ ಕೆಂಪು. "ಒಂದು ಕೈ ಬಣ್ಣ ಹೊಡೆದರೆ ಹೊಸದರ ಹಾಗಾಗುತ್ತೆ ಕಣೇ" ಎಂದರು ಅತ್ತೆ. ಗೇಟಿಗೆ ಹೊಡೆದು ಮಿಕ್ಕಿದ್ದ ಅರ್ಧ ಡಬ್ಬಿ ಎನಾಮೆಲ್ ಹೇಗೂ ಇತ್ತಲ್ಲ, ನಾನೂ ಸೆರಗು ಸಿಕ್ಕಿಸಿ ಸ್ಯಾಂಡ್ ಪೇಪರ್ ಹಿಡಿದು ಕೂತೆ.

ಆ ದಿನ ಮನೆಗೆ ಬಣ್ಣದ ಮೇಸ್ತ್ರಿ ಬಂದಿದ್ದು ನನ್ನದೇ ಪೆದ್ದುತನದಿಂದ. ಹೋದ ವರ್ಷ ನಡುಮನೆಯ ಕಿಟಕಿಗಳಿಗೆ ನಾನೇ ಬಣ್ಣ ಹೊಡೆದಿದ್ದೆ. ಹಳೆಯ ಎಣ್ಣೆಬಣ್ಣ ಮಿರಮಿರ ಮಿಂಚುತ್ತಿತ್ತು. ಅದನ್ನು ಉಜ್ಜದೆ, ಪ್ರೈಮರ್ ಹಾಕದೆ, ವಾಸನೆ ಬಾರದ ನೀರಿನ ಎನಾಮೆಲನ್ನು ನೇರ ಬಳಿದುಬಿಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಾವಿನ ಪೊರೆ ಕಳಚಿದ ಹಾಗೆ ಉದ್ದುದ್ದ ಸುಲಿದು ಬಂತು! ಅದನ್ನು ಸರಿಮಾಡಲು ಬಂದ ಮೇಸ್ತ್ರಿ ನನ್ನ ಕೈಯಲ್ಲಿದ್ದ ಪೇಪರ್ ನೋಡಿದವನೇ, "ಅಮ್ಮಾ, ಬಸುರಿ ಇರೋ ಮನೇಲಿ ಹಳೇ ಬಣ್ಣ ಒಣದಾಗಿ ಉಜ್ಜಬೇಡಿ, ಸೀಸ ಇರುತ್ತೆ" ಎಂದ.

ಇದು ಪೆನ್ಸಿಲಿನ ಸೀಸವಲ್ಲ, ಗೆಳತಿಯರೇ. ಪೆನ್ಸಿಲಿನಲ್ಲಿರುವುದು ಬೇರೆಯೇ ವಸ್ತು, ಹೆಸರಷ್ಟೇ ಒಂದು. ಇದು ಲೋಹದ ಸೀಸ, ವಿಷ. ಹಿಂದಿನ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಗಾಢ ಹಳದಿ, ಕಿತ್ತಳೆ, ಕೆಂಪು, ಹಸಿರಿನಲ್ಲಿ ಇದನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಉಜ್ಜಿದಾಗ ಏಳುವ ಧೂಳು ಉಸಿರಿನಲ್ಲಿ ಸೇರುತ್ತದೆ, ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲಕ್ಕೆ ಕೈಯೂರಿ ಅದೇ ಕೈಯನ್ನು ಬಾಯಿಗಿಡುತ್ತದೆ. ಎಳೆಯ ಮೆದುಳಿಗೆ ಅದರಿಂದಾಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಬಸುರಿಯ ಮೈ ಸೇರಿದರೆ ಹೊಟ್ಟೆಯೊಳಗಿನ ಕೂಸಿಗೂ ತಲುಪುತ್ತದೆ. ಇನ್ನು ಹಲ್ಲು ಬರುವ ಕಾಲದಲ್ಲಿ ತೊಟ್ಟಿಲ ಅಂಚು ಕಚ್ಚದ ಮಗು ಎಲ್ಲಿದೆ? ನಮ್ಮ ತೊಟ್ಟಿಲ ಮೇಲುಪಟ್ಟಿಯಲ್ಲಿ ನನ್ನ ಮಗನ ಹಲ್ಲಿನ ಗುರುತು ಈಗಲೂ ಇದೆ. ಅದನ್ನು ನೋಡಿ ಹಿಂದೆಲ್ಲಾ ನಗುತ್ತಿದ್ದೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಬಂದದ್ದು 2016ರಲ್ಲಿ. 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದ 10 ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಕೂಡದು, ಡಬ್ಬಿಯ ಮೇಲೆ ಹಾಗೆಂದು ಅಚ್ಚಾಗಿರಬೇಕು. ಕೊಳ್ಳುವಾಗ ಕನ್ನಡಕ ಹಾಕಿಕೊಂಡೇ ಓದಿ. ಕಾರ್ಖಾನೆ ಕೆಲಸಕ್ಕೆಂದು ಮಾರುವ ಬಣ್ಣಕ್ಕೆ ಈ ಕಟ್ಟು ಇಲ್ಲ, ಅಗ್ಗವೆಂದು ಅದನ್ನು ಮನೆಯೊಳಗೆ ತರಬೇಡಿ. ಹೆಸರು, ತಾರೀಕು ಇಲ್ಲದ ಡಬ್ಬಿಯೂ ಬೇಡ.

ಹಳೆಯ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯುವ ಗೋಜಿಗೇ ಹೋಗಬಾರದು. ಸೋಪಿನ ನೀರಲ್ಲಿ ಜಿಡ್ಡು ತೊಳೆದು, ವಾಟರ್ ಪೇಪರನ್ನು ನೀರಲ್ಲದ್ದಿ, ಹೊಳಪು ಸಾಯುವಷ್ಟು ಮಾತ್ರ ಉಜ್ಜಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಆಮೇಲೆ ಗುಡಿಸದೆ ಒದ್ದೆ ಬಟ್ಟೆಯಲ್ಲೇ ಒರೆಸಿ. ಬೆಂಕಿಯಿಂದ ಬಣ್ಣ ಸುಡುವುದಂತೂ ಬೇಡವೇ ಬೇಡ. ಆ ದಿನಗಳಲ್ಲಿ ಬಸುರಿ, ಬಾಣಂತಿ, ಮಕ್ಕಳು ಬೇರೆ ಮನೆಯಲ್ಲಿರಲಿ.

ಅಡಿಯಲ್ಲಿ ಯಾವ ಬಣ್ಣವಿದೆ ಎಂದು ತಿಳಿಯಲು ಮೇಸ್ತ್ರಿ ಒಂದು ಉಪಾಯ ತೋರಿಸಿದ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮೂಲೆಯಲ್ಲಿ ಒರೆಸಿ. ಬಣ್ಣ ಹತ್ತಿಗೆ ಹತ್ತಿದರೆ ನೀರಿನ ಬಣ್ಣ, ಅಂಟಂಟಾದರೆ ಅರಗಿನ ಪಾಲಿಶ್, ಏನೂ ಆಗದಿದ್ದರೆ ಎಣ್ಣೆಬಣ್ಣ. ದೀಪದ ಹತ್ತಿರ ಮಾತ್ರ ಇದನ್ನು ಮಾಡಬೇಡಿ. ಎಣ್ಣೆಬಣ್ಣದ ಮೇಲೆ ನೀರಿನ ಎನಾಮೆಲ್ ಬೇಕೆಂದರೆ ನಡುವೆ ಪ್ರೈಮರ್ ಹಾಕಲೇಬೇಕು.

ಇನ್ನು ಯಾವುದು ಎಲ್ಲಿಗೆ? ಮನೆಯ ಒಳಗೆ ನನ್ನ ಮತ ನೀರಿನ ಎನಾಮೆಲ್‌ಗೆ. ಬೇಗ ಒಣಗುತ್ತದೆ, ತಲೆನೋವು ಬರಿಸುವ ವಾಸನೆಯಿಲ್ಲ, ಬಿಳಿ ಬಿಳಿಯಾಗೇ ಉಳಿಯುತ್ತದೆ. ಎಣ್ಣೆಯ ಬಿಳಿ ಎನಾಮೆಲನ್ನು ಬೀರುವಿನ ಒಳಗೆ ಹೊಡೆದವರಿಗೆ ಗೊತ್ತು, ಬೆಳಕು ಕಾಣದೆ ಅದು ಹಳದಿಗೆ ತಿರುಗುತ್ತದೆ, ಬಟ್ಟೆಗೂ ವಾಸನೆ ಹಿಡಿಯುತ್ತದೆ. ದಿನವೂ ಕೈತಾಗುವ ಬಾಗಿಲಿಗೆ ಎಣ್ಣೆಬಣ್ಣವೇ ಬೇಕೆನ್ನುವವರು ಹಾಕಿಕೊಳ್ಳಲಿ, ಆದರೆ ತೆಳುವಾಗಿ ಎರಡು ಸಲ. ದಪ್ಪ ಬಳಿದರೆ ಮೇಲೆ ಕೆನೆಗಟ್ಟಿ ಸುಕ್ಕಾಗುತ್ತದೆ. ಅಡಿಗೆಮನೆಯ ಕಪಾಟಿಗೆ ಹೊಳಪಿನದೇ ಸರಿ, ಒಗ್ಗರಣೆಯ ಜಿಡ್ಡು ಒರೆಸಿದರೆ ಹೋಗುತ್ತದೆ. ತೇಗ, ಬೀಟೆಗೆ ಬಣ್ಣ ಬಳಿದು ಮುಚ್ಚುವುದು ಪಾಪ, ಪಾಲಿಶ್ ಸಾಕು. ಹೊಸ್ತಿಲಿಗೆ ಅರಿಸಿನ ಕುಂಕುಮದ ಬದಲು ಹಳದಿ ಕೆಂಪು ಎನಾಮೆಲ್ ಹೊಡೆಸಿದ್ದೀರಾ? ಹಳೆಯದಾಗಿದ್ದು ಸವೆದಿದ್ದರೆ ಅಲ್ಲಿ ಮಗುವನ್ನು ಕೂರಿಸಬೇಡಿ.

ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳನ್ನು ನೋಡಿದ್ದೀರಲ್ಲ, ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆದವು. ಅಂಥದೊಂದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅದರ ಮೇಲೆ ಎನಾಮೆಲ್ ಬಳಿಯಬೇಡಿ, ಸ್ಪಿರಿಟ್ ಸೋಕಿಸಬೇಡಿ. ಒಣಬಟ್ಟೆಯಲ್ಲಿ ಒರೆಸಿ ಇಡಿ.

ನಮ್ಮದು ಅಂಥದಲ್ಲ. ಮೇಲೆ ಹೊಸ ಬಣ್ಣ ಹೊಡೆದು ಮುಚ್ಚಿಬಿಡೋಣವೇ ಎಂದು ಕೇಳಿದೆ. "ಗೋಡೆಯಾದರೆ ಸರಿ, ಮಗು ಕಚ್ಚೋ ಜಾಗಕ್ಕೆ ಹೇಗಮ್ಮಾ? ಹಲ್ಲು ಕೆಳಗಿನ ಪದರಕ್ಕೂ ಹೋಗುತ್ತೆ" ಎಂದ. ಉತ್ತರವಿರಲಿಲ್ಲ. ನಾನು ಆಗಲೇ ಉಜ್ಜಿದ್ದ ಒಂದಿಷ್ಟು ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ತೊಟ್ಟಿಲನ್ನು ಹಾಳೆಯಲ್ಲಿ ಸುತ್ತಿಸಿ ಅಟ್ಟಕ್ಕೆ ಏರಿಸಿದೆ.

ಅತ್ತೆ ಮೂರು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. "ಅದರಲ್ಲಿ ಬೆಳೆದವರೆಲ್ಲ ದಡ್ಡರಾಗಿಬಿಟ್ಟರಾ?" ಎಂದು ಯಜಮಾನರ ಎದುರೇ ಕೇಳಿದರು. ನಾನು ಸುಮ್ಮನಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಅವರ ಪೆಟ್ಟಿಗೆ ತೆರೆದ ಸದ್ದಾಯಿತು. ಒಗೆದೊಗೆದು ಮೆತ್ತಗಾದ ಎರಡು ನೂಲಿನ ಸೀರೆ ತಂದು ಮಗಳ ಮಡಿಲಲ್ಲಿಟ್ಟು, "ಜೋಲಿಗೆ ಇದು ಸಾಕಾಗುತ್ತೇನು ನೋಡು" ಎಂದರು. ತೊಲೆಯ ಕೊಕ್ಕೆಗೆ ಹೊಸ ಹಗ್ಗ ತರಿಸಿದ್ದೇನೆ.