ಕೆರೆಯ ಕೊನೆಯ ಮೊಳ ನೀರು

ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂಬ ಅಷ್ಟಾವರಣಗಳಲ್ಲಿ ನೀರೇ ಒಂದು ಆವರಣವಾಗಿ ನಿಂತಿರುವುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪ್ರಾತಃಕಾಲದಲ್ಲಿ ಕರಸ್ಥಲದ ಇಷ್ಟಲಿಂಗಕ್ಕೆ ಮಜ್ಜನ ಎರೆಯುವಾಗ ನಮ್ಮ ಕೈಗೆ ಬರುವುದು ಯಾವುದೋ ಕೆರೆಯ, ಬಾವಿಯ ಅಥವಾ ಕೊಳವೆಬಾವಿಯ ನೀರು. ಅದು ಎಲ್ಲಿಂದ ಬಂತು, ಯಾರ ಪಾಲನ್ನು ತಗ್ಗಿಸಿ ಬಂತು, ಅದೇ ನೀರು ನೆರೆಮನೆಯ ಕೂಸಿಗೆ ಹಿತವೋ ಅಹಿತವೋ ಎಂದು ಕೇಳಿಕೊಳ್ಳುವುದೂ ಪೂಜೆಯ ಒಂದು ಅಂಗವೇ ಎಂದು ನಾವು ಭಾವಿಸುತ್ತೇವೆ. ಈ ತಿಂಗಳು ಆ ಪ್ರಶ್ನೆಯನ್ನೇ ಸದ್ಭಕ್ತರ ಮುಂದಿಡಬಯಸುತ್ತೇವೆ.

ದಾವಣಗೆರೆ ಜಿಲ್ಲೆಯೊಂದರಲ್ಲಿಯೇ ನೀರಿನ ಎರಡು ಲೋಕಗಳಿವೆ. ಕೂಡಲಿಯಲ್ಲಿ ಸಂಗಮಿಸಿದ ತುಂಗೆ ಭದ್ರೆಯರು ಒಂದಾಗಿ ಸಾಸ್ವೆಹಳ್ಳಿ, ಹೊನ್ನಾಳಿಗಳ ಸೀಮೆಯಲ್ಲಿ ಹರಿಯುತ್ತಾರೆ. ಮಳೆಗಾಲದಲ್ಲಿ ಅಲ್ಲಿನ ಜನ ಪ್ರವಾಹಕ್ಕೆ ಅಂಜುತ್ತಾರೆ. ಇತ್ತ ಪೂರ್ವದ ಜಗಳೂರು ಸೀಮೆಯಲ್ಲಿ ಜನ ಮೋಡಕ್ಕೆ ಮುಖವೆತ್ತಿ ಕುಳಿತಿರುತ್ತಾರೆ. ನಡುವೆ ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಒಂದು ಏರಿಯ ಬಲದಿಂದ ಶತಮಾನಗಳ ಕಾಲ ನೀರನ್ನು ಹಿಡಿದು ನಿಂತಿದೆ. ಅದನ್ನು ಕಟ್ಟಿಸಿದವಳು ಶಾಂತವ್ವ ಎಂಬ ಹೆಣ್ಣುಮಗಳು ಎಂಬುದು ಜನಜನಿತ ಐತಿಹ್ಯ. ದೂರದ ಚಿತ್ರದುರ್ಗಕ್ಕೂ ಆ ಕೆರೆಯಿಂದ ಕುಡಿಯುವ ನೀರು ಹೋಗಿದೆ.

ಹೊಳೆಯ ನೀರನ್ನು ಒಣಸೀಮೆಗೆ ಮುಟ್ಟಿಸುವ ಪ್ರಯತ್ನ ನಮ್ಮ ಕಾಲದ ದೊಡ್ಡ ಕೈಂಕರ್ಯ. ಹೊನ್ನಾಳಿ, ಚನ್ನಗಿರಿ ಮತ್ತು ನೆರೆಯ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಗಭದ್ರೆಯ ನೀರಿನಿಂದ ತುಂಬಿಸುವುದಕ್ಕೆಂದು ಸಾಸ್ವೆಹಳ್ಳಿ ಏತ ನೀರಾವರಿ ಯೋಜನೆ ರೂಪುಗೊಂಡಿತು. ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಕೆರೆ ತುಂಬಿಸುವ ಕಾರ್ಯದ ಬೆನ್ನು ಹತ್ತಿದ ಫಲವಾಗಿ 2021ರಲ್ಲಿ ಭರಮಸಾಗರದ ಕೆರೆಗೆ ತುಂಗಭದ್ರೆ ಬಂದಳು. ಜಗಳೂರಿನ 57 ಕೆರೆಗಳ ಯೋಜನೆಗೂ ಅವರ ಒತ್ತಾಸೆಯಿತ್ತು. ಬತ್ತಿದ ಕೆರೆಯಂಗಳಕ್ಕೆ ನೀರು ನುಗ್ಗಿದಾಗ ಹೆಂಗಳೆಯರು ಬಾಗಿನ ಅರ್ಪಿಸುವುದನ್ನು ಕಂಡ ಯಾರಿಗೇ ಆಗಲಿ ಕಣ್ಣು ತುಂಬದಿರದು.

ಆದರೆ ಕೆರೆ ತುಂಬಿದೊಡನೆ ನಮ್ಮ ಕರ್ತವ್ಯ ಮುಗಿಯಿತೇ? ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತೆಯನ್ನು ನೆನೆಯಿರಿ. ಸಾವಿರಾರು ಜನರನ್ನು ಕೂಡಿಸಿ ಕೆರೆ ತೋಡಿಸುತ್ತಿದ್ದ ಆ ಮಹಾನುಭಾವರ ಬಳಿಗೆ ಅಲ್ಲಮಪ್ರಭುದೇವರು ಬಂದು ‘ಒಡ್ಡರಾಮ’ನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಪ್ರಭುದೇವರಿಗೆ ಕೆರೆಯ ಮೇಲೆ ಮುನಿಸಿರಲಿಲ್ಲ. ಕೆರೆಯೊಡನೆ ಬೆಳೆಯುವ ‘ನಾನು ಕಟ್ಟಿಸಿದೆ’ ಎಂಬ ಭಾವದ ಮೇಲೆ ಮುನಿಸಿತ್ತು ಎಂದು ನಾವು ತಿಳಿಯುತ್ತೇವೆ. ಇಂದು ಆ ಭಾವ ‘ಇದು ನಮ್ಮೂರ ಕೆರೆ, ಏರಿಯ ಕೆಳಗಿನದು ನಮ್ಮ ತೋಟ, ನೀರೂ ನಮ್ಮದೇ’ ಎಂಬ ಬೇರೊಂದು ವೇಷದಲ್ಲಿ ಬಂದಿದೆ.

ಈ ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಓದುಗರಲ್ಲಿ ಅನೇಕರು ಅಡಿಕೆ ತೋಟದವರು. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಗಿಡಗಳಾಗುತ್ತವೆ. ಹನಿ ನೀರಾವರಿಯಲ್ಲಿಯೂ ಬೇಸಿಗೆಯಲ್ಲಿ ಗಿಡವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಲ್ಲಿಗೆ ಒಂದು ಎಕರೆ ತೋಟ ದಿನಕ್ಕೆ ಸುಮಾರು 10 ಸಾವಿರ ಲೀಟರ್ ಕುಡಿಯಿತು. ರಾಸೊಂದಕ್ಕೆ ದಿನಕ್ಕೆ 50 ಲೀಟರ್ ಎಂದು ಹಿಡಿದರೆ ಅದು 200 ರಾಸುಗಳ ಒಂದು ದಿನದ ನೀರು! ಕಾಲುವೆ ತೆಗೆದು ಹಾಯಿಸಿದರಂತೂ ಲೆಕ್ಕ ಇನ್ನೂ ಹಿಗ್ಗುತ್ತದೆ. ತೋಟ ಒಣಗಲಿ ಎಂದು ನಾವು ಹೇಳುತ್ತಿಲ್ಲ. ಒಮ್ಮೆ ಸತ್ತ ಅಡಿಕೆ ಗಿಡದ ಜಾಗದಲ್ಲಿ ಮತ್ತೊಂದು ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂಬುದನ್ನೂ, ಅದರ ಮೇಲೆ ಎಷ್ಟು ಸಂಸಾರಗಳು ನಿಂತಿವೆಯೆಂಬುದನ್ನೂ ಬಲ್ಲೆವು. ಆದರೆ ಹಗಲಿರುಳು ಪಂಪು ಹಚ್ಚಿ ಕೆರೆಯನ್ನು ತಳ ಕಾಣಿಸಿದ ಮೇಲೆ ತೋಟದವನು ಟ್ಯಾಂಕರ್ ತರಿಸಬಲ್ಲ. ಹತ್ತು ಕುರಿಯ ಮೇಲೆ ಬದುಕುವ ವಿಧವೆ ಏನು ತರಿಸಬೇಕು? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ 2023ರ ಬರ ನಮಗೆ ಈ ಪಾಠವನ್ನು ಕಲಿಸಿರಬೇಕು.

ಆದ್ದರಿಂದ ನಮ್ಮ ಮೊದಲ ವಿಜ್ಞಾಪನೆ ಇದು: ಕೆರೆಯ ಕೊನೆಯ ಮೊಳ ನೀರು ಯಾರ ತೋಟದ್ದೂ ಅಲ್ಲ, ಅದು ಊರಿನ ಗಂಟಲುಗಳದು, ಮನುಷ್ಯರದು ಮತ್ತು ಮೂಕಪ್ರಾಣಿಗಳದು. ಊರ ಹಿರಿಯರು ಕೂಡಿ ಕೆರೆಯಲ್ಲಿ ಒಂದು ಗುರುತಿನ ಕಲ್ಲು ನೆಡಲಿ. ನೀರು ಆ ಕಲ್ಲಿಗೆ ಇಳಿದ ದಿನ ಪಂಪುಗಳೆಲ್ಲ ನಿಲ್ಲಲಿ. ಇಥಿಯೋಪಿಯಾ ದೇಶದ ಒಣನೆಲದಲ್ಲಿ ಬೊರಾನಾ ಎಂಬ ದನಗಾಹಿ ಜನರಿದ್ದಾರೆ. ಅವರ ಆಳವಾದ ಬಾವಿಗಳಲ್ಲಿ ಯಾರ ಹಿಂಡು ಎಂದು ನೀರು ಕುಡಿಯಬೇಕೆಂಬ ಸರದಿಯನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬ ಹಿರಿಯನಿರುತ್ತಾನೆ. ಅಕ್ಷರ ಹೆಚ್ಚಿರದ ಆ ಜನ ಪಾಲಿಸಿಕೊಂಡು ಬಂದ ಶಿಸ್ತು ನಮಗೆ ಅಸಾಧ್ಯವೇ?

ಇನ್ನೊಂದು ಸೂಕ್ಷ್ಮವುಂಟು. ತೆಳ್ಳಗೆ ಹರಡಿದ ನೀರನ್ನು ಬೇಸಿಗೆಯ ಬಿಸಿಲೇ ದಿನಕ್ಕೆ 6–7 ಮಿಲಿಮೀಟರಿನಷ್ಟು ಹೀರುತ್ತದೆ. ಒಂದು ಮೊಳ ನೀರು ಎರಡು ತಿಂಗಳಲ್ಲಿ ತಾನಾಗಿಯೇ ಆರಿಹೋಗುತ್ತದೆ. ಆದುದರಿಂದ ಹೂಳು ತೆಗೆಯುವಾಗ ಕೆರೆಯ ಒಂದು ಭಾಗವನ್ನು ಹೆಚ್ಚು ಆಳ ಮಾಡಿ, ಕಡೆಯ ನೀರು ಅಲ್ಲಿ ಸೇರಿ ನಿಲ್ಲುವಂತೆ ನೋಡಿಕೊಳ್ಳಬೇಕು.

ಎರಡನೆಯದು ಗೋಕಟ್ಟೆಯ ವಿಚಾರ. ನಮ್ಮ ಹಿರಿಯರು ಊರ ಹೊರಗೆ ದನಕರುಗಳಿಗೆಂದೇ ಗೋಕಟ್ಟೆ ಕಟ್ಟಿಸುತ್ತಿದ್ದರು. ಬಾವಿಯ ಮಗ್ಗುಲಲ್ಲಿ ಕಲ್ಲಿನ ತೊಟ್ಟಿ ಇರಿಸುತ್ತಿದ್ದರು. ಗುಡಿಯಲ್ಲಿ ನಂದಿಯ ಬೆನ್ನು ಸವರಿ ನಮಸ್ಕರಿಸುವ ನಾವು ಕೊಟ್ಟಿಗೆಯ ಬಸವಣ್ಣನಿಗೆ ಪಾಚಿಗಟ್ಟಿದ ನೀರು ಇಡಬಹುದೇ? ದನಗಳು ನೀರಿನೊಳಗೇ ನಿಂತು, ಸಗಣಿ ಗಂಜಲ ಬೆರೆತ ನೀರನ್ನೇ ಕುಡಿದರೆ ರೋಗ ತಪ್ಪದು. ಕಟ್ಟೆಗೆ ಬೇಲಿ ಹಾಕಿ, ಕೊಳವೆಯ ಮೂಲಕ ನೀರನ್ನು ಹೊರಗಿನ ತೊಟ್ಟಿಗೆ ತರಬೇಕು. 15 ದಿನಕ್ಕೊಮ್ಮೆ ತೊಟ್ಟಿಯನ್ನು ತಿಕ್ಕಿ ತೊಳೆದು ಒಳಗೆ ಸುಣ್ಣ ಬಳಿಯಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ, ಕಾಯಕದ ಮನಸ್ಸೊಂದಿದ್ದರೆ ಸಾಕು.

ಮೂರನೆಯದು ಕಣ್ಣಿಗೆ ಕಾಣದ ವಿಷ. ಜಗಳೂರಿನಂತಹ ಗಟ್ಟಿ ಬಂಡೆಯ ಸೀಮೆಗಳಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆ ಬಂಡೆಯ ಖನಿಜಗಳಿಂದ ಫ್ಲೋರೈಡ್ ನೀರಿಗೆ ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಲೇಸು. ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಕಡೆಯ ಮಿತಿ. ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ ಬಿರುಸಾಗಿ ಬೆನ್ನು ಬಾಗುತ್ತದೆ. ಎತ್ತು ಎಮ್ಮೆಗಳಿಗೂ ಹಲ್ಲು ಸವೆದು, ಕಾಲು ಕುಂಟಾಗುತ್ತದೆ. ತಾಯಂದಿರು ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು: ಕುದಿಸುವುದರಿಂದ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಊರಿನ ಶುದ್ಧ ನೀರಿನ ಘಟಕ ಅದನ್ನು ತೆಗೆಯುತ್ತದೆ ನಿಜ. ಆದರೆ ಅಲ್ಲಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಅದೇ ಫ್ಲೋರೈಡ್ ಕೂಡಿರುತ್ತದೆ. ಅರ್ಧ ನೀರು ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ. ‘ಚೆಲ್ಲುವ ನೀರಲ್ಲವೇ’ ಎಂದು ಅದನ್ನು ದನದ ತೊಟ್ಟಿಗೆ ತಿರುಗಿಸುವುದು, ತಾನು ಅಮೃತವುಂಡು ಮೂಕಪ್ರಾಣಿಗೆ ನಂಜು ನೀಡಿದಂತೆ.

ಇದಕ್ಕೆ ಸುಲಭದ ಮದ್ದು ಮನೆಯ ಮಾಳಿಗೆಯ ಮೇಲೆಯೇ ಬೀಳುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೆಂದೇ ಹಿಡಿಯೋಣ. 1,000 ಚದರ ಅಡಿಯ ಮಾಳಿಗೆಯಿಂದ, ಪೋಲು ಕಳೆದು, 35 ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕೆಂದರೆ 10 ಸಾವಿರ ಲೀಟರಿನ ಮುಚ್ಚಿದ ತೊಟ್ಟಿ ವರ್ಷಪೂರ್ತಿ ಬಂದೀತು. ರಾಜಸ್ಥಾನದ ಮರುಭೂಮಿಯವರು ‘ತಾಂಕಾ’ ಎಂಬ ನೆಲತೊಟ್ಟಿಗಳಲ್ಲಿ ಹೀಗೆಯೇ ಮಳೆನೀರು ಕೂಡಿಟ್ಟು ತಲೆತಲಾಂತರ ಬದುಕಿದ್ದಾರೆ. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಸೋಸಿ, ಬೆಳಕು ತಾಗದಂತೆ ಇಟ್ಟು, ಕುದಿಸಿ ಆರಿಸಿ ಕುಡಿಯಬೇಕು. ಮನೆ ಕಟ್ಟಿಸುವಾಗ ಮುಂಬಾಗಿಲಿನ ಕೆತ್ತನೆಗೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಈ ತೊಟ್ಟಿಗೆ ತೆಗೆದಿಡಿ.

ಕೊನೆಯದಾಗಿ, ಎಲ್ಲಕ್ಕೂ ಮಿಗಿಲಾದ ಮಾತು. ನೀರಿನ ಕಟ್ಟೆಯ ಬಳಿ ಕುಲ ಕೇಳುವವನು ಇಷ್ಟಲಿಂಗ ಕಟ್ಟಿದ್ದೂ ವ್ಯರ್ಥ. ಊರ ನಲ್ಲಿ ಓಣಿಗೆ ತಲುಪಿ ಕೇರಿಗೆ ತಲುಪದಿದ್ದರೆ, ತೊಟ್ಟಿಯಲ್ಲಿ ಒಬ್ಬರ ದನ ಕುಡಿದು ಇನ್ನೊಬ್ಬರದು ದೂರ ನಿಲ್ಲಬೇಕಾದರೆ, ಅಲ್ಲಿ ನೀರು ಇದ್ದರೂ ದಾಸೋಹವಿಲ್ಲ. ಅನುಭವಮಂಟಪದ ಶರಣರ ಹೆಸರನ್ನು ನಾಲಗೆಯ ಮೇಲಿಟ್ಟುಕೊಂಡವರು ಇದನ್ನು ಸಹಿಸಲಾಗದು.

ಬರುವ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ, ಮಂಗಳಾರತಿಗೆ ಮುನ್ನ ಅರ್ಧ ಗಂಟೆ ನಿಮ್ಮೂರ ನೀರಿನ ಮಾತಾಡಿ. ನೀರನ್ನು ಎಂದು ಪರೀಕ್ಷಿಸಲಾಗಿದೆಯೆಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಗೋಕಟ್ಟೆಗೆ ಹೂಳು ತುಂಬಿದ್ದರೆ ಒಂದು ದಿನ ಗುದ್ದಲಿ ಹಿಡಿಯಿರಿ. ಕೆರೆಯಲ್ಲಿ ಆ ಗುರುತಿನ ಕಲ್ಲನ್ನು ನೆಡಿ. ಅದರ ಮೇಲೆ ಯಾರ ಹೆಸರನ್ನೂ ಕೆತ್ತಿಸಬೇಡಿ. ಬೇಸಿಗೆಯ ಒಂದು ಮಧ್ಯಾಹ್ನ ಕುರಿಹಿಂಡೊಂದು ಬಂದು ಆ ಕಲ್ಲಿನ ಬುಡದಲ್ಲಿ ತಲೆ ತಗ್ಗಿಸಿ ನೀರು ಕುಡಿದರೆ ಕೆರೆ ಕಟ್ಟಿಸಿದವರಿಗೂ, ತುಂಬಿಸಿದವರಿಗೂ, ಉಳಿಸಿದವರಿಗೂ ಅದೇ ಸಾರ್ಥಕ್ಯ.

ಶರಣು ಶರಣಾರ್ಥಿ.