ಒಂದು ಕಾಯಿ, ಹತ್ತು ಹೀಚು

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಇಂಥ ಪ್ರದರ್ಶನಗಳಲ್ಲಿ ಭಾರಿ ಕುಂಬಳಕಾಯಿ ಕಂಡು ಜನ ಬೆರಗಾಗುತ್ತಾರೆ. ಅದರ ಖರ್ಚು ಕೇಳುವವರಿಲ್ಲ.

ಕಾಯಿ ದಪ್ಪವಾಗಬೇಕಾದರೆ ಬಳ್ಳಿಗೆ ಒಂದನ್ನೇ ಉಳಿಸಿ ಮಿಕ್ಕ ಹೀಚುಗಳನ್ನು ಚಿವುಟಬೇಕು. ಬೀಜ, ಗೊಬ್ಬರ, ಕೂಲಿ ಎಲ್ಲವೂ ತುಟ್ಟಿ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ; 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ. ಹೋಳೂರಿನ ಕಡೆ 1,000 ಅಡಿ ಕೊರೆಸಿದರೂ ನೀರಿನ ಭರವಸೆಯಿಲ್ಲ. ಹೀಗಿರುವಾಗ ಗೆಲ್ಲುವುದು ರೈತನ ಕೈಗುಣವಲ್ಲ, ಹಣದ ಥೈಲಿ.

ಒಂದು ಕಾಯಿ ಉಬ್ಬಲು ಹತ್ತು ಹೀಚು ಸಾಯುವ ನ್ಯಾಯವನ್ನು ಗಿರಣಿಯ ಕಾರ್ಮಿಕರಿಗೂ ಸಣ್ಣ ಅಂಗಡಿಯವರಿಗೂ ನಾವು ವಿವರಿಸಬೇಕಾಗಿಲ್ಲ. ಸ್ಪರ್ಧೆ ಬೇಡವೆನ್ನುವವರು ನಾವಲ್ಲ. ತೂಕದೊಡನೆ ಖರ್ಚಿನ ಲೆಕ್ಕವನ್ನೂ ಕೇಳಲಿ; ಕಡಿಮೆ ನೀರಿನಲ್ಲಿ ಹೆಚ್ಚು ಮನೆಗಳಿಗೆ ಸಾರಿನ ಕಾಯಿ ಕೊಟ್ಟ ಸಣ್ಣ ರೈತನಿಗೆ ಮೊದಲ ಬಹುಮಾನ ಸಲ್ಲಲಿ.