ಪದವಿಯೂ ಒಂದು ನ್ಯಾಸ

ಪರರು ನಂಬಿ ಇಟ್ಟುಹೋದ ಒಡವೆಗೆ ನ್ಯಾಸವೆಂದು ಹೆಸರು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಇದರ ಸೂಕ್ಷ್ಮವನ್ನು ವ್ಯಾಖ್ಯಾನಕಾರರು ಬಿಡಿಸಿ ತೋರಿಸಿದ್ದಾರೆ. ಇಟ್ಟವನು ತಾನೆಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಕೇಳಿದಷ್ಟನ್ನೇ ಕೊಟ್ಟು, ಉಳಿದುದರ ಬಗ್ಗೆ ಮೌನವಾಗಿರುವುದೇ ಈ ದೋಷ. ಇಲ್ಲಿ ಕನ್ನ ಹಾಕಿದವರಿಲ್ಲ, ಬಾಯಿಬಿಟ್ಟು ಸುಳ್ಳಾಡಿದವರಿಲ್ಲ. ಆದರೂ ವ್ರತಕ್ಕೆ ಕಳಂಕ ತಗಲಿತು. ವ್ಯಾಪಾರಿಯಾದ ಶ್ರಾವಕನಿಗೆ ಹೇಳಿದ ಈ ಮಾತು ಸರಕಾರಕ್ಕೂ, ಅದರ ಪರವಾಗಿ ನ್ಯಾಯಪೀಠದ ಮುಂದೆ ನಿಲ್ಲುವ ಅಡ್ವೊಕೇಟ್ ಜನರಲ್ ಅವರಿಗೂ ಏಕೆ ಅನ್ವಯಿಸಬಾರದು?

ಸಂವಿಧಾನದ 165ನೆಯ ವಿಧಿಯಂತೆ ಪ್ರತಿ ರಾಜ್ಯಕ್ಕೂ ಒಬ್ಬ ಅಡ್ವೊಕೇಟ್ ಜನರಲ್ ಇರಬೇಕು. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗುವ ಅರ್ಹತೆ ಅವರಿಗಿರಬೇಕು. 177ನೆಯ ವಿಧಿ ಅವರಿಗೆ ವಿಧಾನಮಂಡಲದಲ್ಲಿ ಮಾತನಾಡುವ ಹಕ್ಕನ್ನು ಕೊಟ್ಟಿದೆ. ಮತದ ಹಕ್ಕನ್ನು ಕೊಟ್ಟಿಲ್ಲ. ಸಾರ್ವಜನಿಕ ಧರ್ಮದತ್ತಿಗಳಲ್ಲಿ ವಿಶ್ವಾಸಭಂಗವಾದರೆ ದಾವೆ ಹೂಡುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು ಅವರಿಗೆ ಒಪ್ಪಿಸಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿಯೂ ಅವರು ನ್ಯಾಸರಕ್ಷಕರು. ಆದರೆ ವಾಸ್ತವದಲ್ಲಿ ನಡೆದುಬಂದಿರುವುದು ಬೇರೆ. ಅವರ ಅಧಿಕಾರಾವಧಿ ರಾಜ್ಯಪಾಲರ ಇಚ್ಛೆಗೆ, ಎಂದರೆ ಮಂತ್ರಿಮಂಡಲದ ಮರ್ಜಿಗೆ, ಅಧೀನ. ಸರಕಾರ ಬದಲಾದಂತೆ ಅಡ್ವೊಕೇಟ್ ಜನರಲ್ ಬದಲಾಗುವುದು ರೂಢಿಯಾಗಿದೆ. ನಾಡಿಗೆ ಸೇರಿದ ಪದವಿಯು ಪಕ್ಷದ ಪರಿಗ್ರಹವಾದದ್ದು ಹೀಗೆ.

ಇದು ಬೆಂಗಳೂರಿನ ದೊಡ್ಡವರ ವಿಷಯ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ರೈತನಿಗೆ ಇದರಿಂದೇನು ಎನ್ನುವವರು ಹಿಡಕಲ್ಲಿಗೆ ಹೋಗಿ ನೋಡಬೇಕು. ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಗೆ ಕಟ್ಟಿದ ಆ ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ಬೆಳಗಾವಿಯ ಕಾನೂನು ಮಹಾವಿದ್ಯಾಲಯಕ್ಕೂ ಅದೇ ಹೆಸರು. 2017ರಿಂದ 2022ರವರೆಗೆ ಭಾರತದ ಅಟಾರ್ನಿ ಜನರಲ್ ಆಗಿದ್ದ ಕೆ. ಕೆ. ವೇಣುಗೋಪಾಲರು ಕಾನೂನು ಕಲಿತದ್ದು ಅಲ್ಲಿಯೇ. ಒಂದೇ ಹೆಸರಿನ ಒಂದು ಸಂಸ್ಥೆ ನೀರನ್ನು ಕೂಡಿಟ್ಟಿತು, ಇನ್ನೊಂದು ನ್ಯಾಯವನ್ನು ಕಲಿಸಿತು. ಆದರೆ ಈ ನೀರು ಹರಿದಷ್ಟು ಸರಾಗವಾಗಿ ನ್ಯಾಯವು ರೈತನವರೆಗೆ ಹರಿಯಿತೇ? ಹುನ್ನೂರಿನ ವಿಠ್ಠಲ ಗುಡಿ ಇಂದಿಗೂ ಬೇಸಿಗೆಯಲ್ಲಿ ನೀರು ಇಳಿದಾಗ ತಲೆಯೆತ್ತಿ ನಿಲ್ಲುತ್ತದೆ. ಅದರ ಸುತ್ತಲಿನ ಹೊಲಮನೆಗಳು ಮರಳಿ ಬರಲಿಲ್ಲ. ಮುಳುಗಿದವರ ತ್ಯಾಗದಿಂದ ಕೆಳಗಿನ ಗೋಕಾಕ, ಮೂಡಲಗಿ ಭಾಗದಲ್ಲಿ ಕಬ್ಬು ಬೆಳೆಯಿತು. ಕಾಲುವೆಗೆಂದು ಅಲ್ಲಿಯೂ ಭೂಮಿ ಹೋಯಿತು. ಹೀಗೆ ಹೋದ ಭೂಮಿಯ ಬೆಲೆ ಸರಕಾರದ ಕೈಯಲ್ಲಿ ಉಳಿದ ನ್ಯಾಸವಲ್ಲದೆ ಮತ್ತೇನು?

ಆ ನ್ಯಾಸವನ್ನು ಹಿಂದಿರುಗಿಸುವ ರೀತಿ ವಿಚಾರಾರ್ಹ. 1894ರ ಭೂಸ್ವಾಧೀನ ಕಾಯಿದೆಗೆ 1984ರಲ್ಲಿ 28-ಎ ಎಂಬ ಕಲಮು ಸೇರಿತು. ಒಬ್ಬ ರೈತ ನ್ಯಾಯಾಲಯಕ್ಕೆ ಹೋಗಿ ಹೆಚ್ಚಿನ ಪರಿಹಾರ ಪಡೆದರೆ, ಅದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡ ನೆರೆಯವನೂ ಆ ದರವನ್ನು ಕೇಳಬಹುದು. ಆದರೆ ತೀರ್ಪಾದ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ಓದುಬರಹ ಬಲ್ಲವನು ಕೊಟ್ಟ. ಅರಿಯದವನಿಗೆ ಅವಧಿ ಮೀರಿತು. ತಾನು ಇಟ್ಟದ್ದೆಷ್ಟೆಂಬುದನ್ನು ಅರಿಯದೆ ಕಡಿಮೆ ಪಡೆದು ಮರಳಿದ ಆ ರೈತನ ಮುಂದೆ, ಎಲ್ಲವನ್ನೂ ಬಲ್ಲ ಸರಕಾರ ಮೌನವಾಗಿ ಉಳಿಯುವುದಾದರೆ, ವ್ಯಾಖ್ಯಾನಕಾರರು ಹೇಳಿದ ಅತಿಚಾರಕ್ಕೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತ ಬೇಕೇ? 2014ರ ಜನವರಿ 1ರಂದು ಹೊಸ ಭೂಸ್ವಾಧೀನ ಕಾಯಿದೆ ಜಾರಿಗೆ ಬಂದಿತು. ಸೋಲೇಶಿಯಂ ಶೇಕಡಾ 30ರಿಂದ 100ಕ್ಕೆ ಏರಿತು; ಮೂರು ತಿಂಗಳ ಗಡುವು ಮಾತ್ರ ಅದರಲ್ಲಿಯೂ ಉಳಿಯಿತು.

ಗೆದ್ದ ರೈತನ ಪಾಡೂ ಸುಖಕರವಲ್ಲ. ಸರಕಾರ ಮೇಲ್ಮನವಿ ಹೂಡಿದರೆ ಅವನು ಮತ್ತೆ ವಕೀಲರನ್ನು ಹುಡುಕಬೇಕು. 2008ರ ಜುಲೈನಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗುವವರೆಗೆ ಈ ಭಾಗದವರು ತಾರೀಖಿಗೆಂದು ಬೆಂಗಳೂರಿಗೇ ಹೋಗಬೇಕಾಗಿತ್ತು. 2013ರಲ್ಲಿ ಆ ಪೀಠ ಕಾಯಂ ಆಯಿತು. ಹಾದಿ ಹತ್ತಿರವಾಯಿತು ನಿಜ. ಆದರೆ ವ್ಯಾಜ್ಯದ ಆಯುಷ್ಯ ಕುಗ್ಗಬೇಕಾದರೆ ಮೇಲ್ಮನವಿ ಬೇಡವೆಂದು ಹೇಳುವ ಬಾಯಿ ಬೇಕು. ಆ ಬಾಯಿ ಅಡ್ವೊಕೇಟ್ ಜನರಲ್ ಅವರದು. ಪ್ರಯೋಜನವಿಲ್ಲದೆ ಪರರನ್ನು ನೋಯಿಸುವುದಕ್ಕೆ ಅನರ್ಥದಂಡವೆಂದು ಹೆಸರು; ಗೆಲ್ಲಲಾಗದೆಂದು ತಿಳಿದೂ ಹೂಡುವ ಸರಕಾರಿ ಮೇಲ್ಮನವಿ ಶುದ್ಧ ಅನರ್ಥದಂಡ.

ಕಕ್ಷಿದಾರನ ಪರವಾಗಿ ವಾದಿಸುವುದೇ ವಕೀಲನ ಧರ್ಮ, ಖಜಾನೆಯ ಹಣವನ್ನು ಉಳಿಸುವುದೇ ಸರಕಾರಿ ವಕೀಲನ ಕರ್ತವ್ಯ ಎಂಬ ಆಕ್ಷೇಪವಿದೆ. ಮೇಲುನೋಟಕ್ಕೆ ಇದು ಸರಿ. ಆದರೆ ಅಡ್ವೊಕೇಟ್ ಜನರಲ್ ಅವರ ಕಕ್ಷಿದಾರ ಯಾರು? ಮಂತ್ರಿಯೇ, ಇಲಾಖೆಯೇ, ರಾಜ್ಯವೇ? ರಾಜ್ಯವೆಂದಾದರೆ ಹುಕ್ಕೇರಿಯ ರೈತನೂ ಅದರಲ್ಲಿ ಸೇರಿದವನೇ. ಅವನಿಗೆ ಸಲ್ಲಬೇಕಾದುದನ್ನು ತಡೆದು ತುಂಬಿಸಿದ ಖಜಾನೆ ಉಳಿತಾಯವಲ್ಲ, ಋಣ. ತಡವಾದ ಪರಿಹಾರಕ್ಕೆ ಹಳೆಯ ಕಾಯಿದೆಯೇ ಮೊದಲ ವರ್ಷ ಶೇಕಡಾ 9, ಆಮೇಲೆ ಶೇಕಡಾ 15 ಬಡ್ಡಿ ವಿಧಿಸಿತ್ತು. ವ್ಯರ್ಥ ಹಟದ ಬಡ್ಡಿಯನ್ನು ತೆರುವುದು ಅದೇ ಖಜಾನೆ.

ಹಾಗೆಂದು ಮೇಲ್ಮನವಿಯೆಲ್ಲ ಅಧರ್ಮವಲ್ಲ. ಇದನ್ನು ಬಿ. ವಿ. ಆಚಾರ್ಯರ ವೃತ್ತಿಜೀವನ ತೋರಿಸಿಕೊಟ್ಟಿದೆ. ಅವರು ಐದು ಬಾರಿ ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿದ್ದವರು. ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಬೆಂಗಳೂರಿಗೆ ವರ್ಗಾಯಿಸಿತು. 2005ರಲ್ಲಿ ಆಚಾರ್ಯರು ಅದರ ವಿಶೇಷ ಸರಕಾರಿ ಅಭಿಯೋಜಕರಾದರು. 2011ರಲ್ಲಿ ಮತ್ತೆ ಅಡ್ವೊಕೇಟ್ ಜನರಲ್ ಪದವಿ ಬಂದಿತು. ಒಬ್ಬರೇ ಎರಡು ಹೊಣೆ ಹೊತ್ತದ್ದು ಆಕ್ಷೇಪಕ್ಕೆ ಎಡೆಯಾಯಿತು. ಆ ಆಕ್ಷೇಪ ನಿರಾಧಾರವೆನ್ನಲಾಗದು. ಆದರೆ ಎರಡರಲ್ಲಿ ಒಂದನ್ನು ಬಿಡುವ ಪ್ರಸಂಗ ಒದಗಿದಾಗ, 2012ರ ಫೆಬ್ರುವರಿಯಲ್ಲಿ ಅವರು ಬಿಟ್ಟದ್ದು ದೊಡ್ಡ ಪದವಿಯನ್ನು, ಉಳಿಸಿಕೊಂಡದ್ದು ಕಷ್ಟದ ಮೊಕದ್ದಮೆಯನ್ನು. ಅದೇ ವರ್ಷ ಆ ಹೊಣೆಯನ್ನೂ ತೊರೆಯಬೇಕಾಯಿತು.

2014ರಲ್ಲಿ ವಿಚಾರಣಾ ನ್ಯಾಯಾಲಯ ಶಿಕ್ಷೆ ವಿಧಿಸಿತು. 2015ರ ಮೇ 11ರಂದು ಉಚ್ಚ ನ್ಯಾಯಾಲಯ ಖುಲಾಸೆ ಮಾಡಿತು. ಸಾಲದ ಮೊತ್ತಗಳನ್ನು ಕೂಡಿಸುವಲ್ಲಿಯೇ ತಪ್ಪಿದೆಯೆಂದು ಆಚಾರ್ಯರು ತೋರಿಸಿದರು. ಆಗಿನ ಅಡ್ವೊಕೇಟ್ ಜನರಲ್ ರವಿವರ್ಮ ಕುಮಾರರೂ ಮೇಲ್ಮನವಿಗೆ ಸಲಹೆ ನೀಡಿದರು. 2017ರ ಫೆಬ್ರುವರಿ 14ರಂದು ಸರ್ವೋಚ್ಚ ನ್ಯಾಯಾಲಯ ಖುಲಾಸೆಯನ್ನು ರದ್ದುಪಡಿಸಿತು. ಅಷ್ಟರಲ್ಲಿ ಪ್ರಧಾನ ಆರೋಪಿ ತೀರಿಕೊಂಡಿದ್ದರು. ಉಳಿದ ಮೂವರು ಸೆರೆಮನೆಗೆ ಹೋದರು. ಬಲಿಷ್ಠರ ಮೇಲೆ ಬಿಡದೆ ನಡೆಸಿದ ಆ ಮೇಲ್ಮನವಿ ಕರ್ತವ್ಯ. ಬಡ ರೈತನ ಮೇಲೆ ಬಿಡದೆ ನಡೆಸುವ ಮೇಲ್ಮನವಿ ಹಿಂಸೆ. ಈ ಅಂತರವನ್ನು ಅರಿಯುವ ವಿವೇಕಕ್ಕಾಗಿಯೇ ನಾಡು ಒಬ್ಬ ಹಿರಿಯ ವಕೀಲರನ್ನು ಆ ಪೀಠದಲ್ಲಿ ಕೂರಿಸುವುದು.

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮಮತೆ ಎಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಪದವಿಯ ಮಮತೆಯುಳ್ಳವನು ತನ್ನನ್ನು ನೇಮಿಸಿದವರಿಗೆ ಇಲ್ಲವೆನ್ನಲಾರ. ಬಿಡಬಲ್ಲವನು ಮಾತ್ರ ಹೇಳಬಲ್ಲ. ಆದುದರಿಂದ ಯಾವ ಅಡ್ವೊಕೇಟ್ ಜನರಲ್ ಅವರನ್ನೂ ಗೆದ್ದ ಮೊಕದ್ದಮೆಗಳ ಸಂಖ್ಯೆಯಿಂದ ಅಳೆಯಬಾರದು. ಹೂಡಬೇಡಿರೆಂದು ತಡೆದ ಮೇಲ್ಮನವಿಗಳೆಷ್ಟು, ಗಡುವು ಮೀರುವ ಮುನ್ನ ಅರಿಯದವನಿಗೆ ಸುದ್ದಿ ಮುಟ್ಟಿಸಿರೆಂದು ಇಲಾಖೆಗೆ ಬರೆದ ಸಲಹೆಗಳೆಷ್ಟು ಎಂದು ಕೇಳಬೇಕು. ಈ ಪ್ರಶ್ನೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜನರು ತಮ್ಮ ಶಾಸಕರ ಮುಂದಿಡಬೇಕು. ಶಾಸಕರು ಸದನದಲ್ಲಿ ಎತ್ತಬೇಕು. ಅಲ್ಲಿ ಎದ್ದು ಉತ್ತರಿಸುವ ಹಕ್ಕು ಅಡ್ವೊಕೇಟ್ ಜನರಲ್ ಅವರಿಗೆ ಹೇಗೂ ಇದೆ. ಹಕ್ಕಿದ್ದೂ ಮೌನವಾಗಿದ್ದರೆ ಆ ಮೌನಕ್ಕೆ ಶಾಸ್ತ್ರವು ಎಂದೋ ಹೆಸರಿಟ್ಟಿದೆ.